ಬಿಸಿ ಗಂಟಿಗೆ ರೇಡಿಯೋ ಅಯೋಡಿನ್: ವರ್ಷಗಳ ಮೇಲೆ ಸ್ಕ್ಯಾನಿನಲ್ಲಿ ಏನು ಉಳಿದಿರುತ್ತದೆ?

ಥೈರಾಯ್ಡ್ ಗ್ರಂಥಿಯೊಳಗಿನ ಒಂದು ಗಂಟು ಯಾರ ಮಾತನ್ನೂ ಕೇಳದೆ ತಾನೇ ಹಾರ್ಮೋನು ಸುರಿಸತೊಡಗಿದರೆ ಎದೆಬಡಿತ ಏರುತ್ತದೆ, ಕೈ ನಡುಗುತ್ತದೆ, ಉಂಡರೂ ತೂಕ ಇಳಿಯುತ್ತದೆ. ಇಂಥದ್ದನ್ನೇ ಬಿಸಿ ಗಂಟು ಎನ್ನುತ್ತಾರೆ. ಆಗ ವೈದ್ಯರು ಮುಂದಿಡುವ ಮುಖ್ಯ ದಾರಿಗಳು ಮೂರು: ಮಾತ್ರೆ, ಆಪರೇಷನ್, ರೇಡಿಯೋ ಅಯೋಡಿನ್. ಇಲ್ಲಿ ತೂಗಿ ನೋಡುತ್ತಿರುವುದು ಮೂರನೆಯದನ್ನು. ಕ್ಯಾಪ್ಸೂಲ್ ಒಂದನ್ನೇ ನೋಡಿದರೆ ಸಾಲದು. ಅದಕ್ಕೂ ಮೊದಲಿನ ಸ್ಕ್ಯಾನ್, ಆಮೇಲಿನ ವರ್ಷಗಳ ಅಲ್ಟ್ರಾಸೌಂಡ್, ರಕ್ತಪರೀಕ್ಷೆ ಎಲ್ಲ ಸೇರಿದ ಇಡೀ ಸೇವೆಯನ್ನು ನೋಡಬೇಕು. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಮದ್ದು ಚೆನ್ನಾಗಿ ಕೆಲಸ ಮಾಡುತ್ತದೆ, ಐದಕ್ಕೆ ನಾಲ್ಕೂವರೆ ಕೊಡಬಹುದು. ಎಡವಟ್ಟಾಗುವುದು ಹೆಚ್ಚಾಗಿ ಚಿತ್ರಗಳ ಕಡೆಯಿಂದ. ಡೋಸಿಗೆ ಮೊದಲು ತೆಗೆಯಬೇಕಾದ್ದನ್ನು ತೆಗೆದಿರುವುದಿಲ್ಲ, ತೆಗೆದದ್ದನ್ನು ಇಟ್ಟುಕೊಂಡಿರುವುದಿಲ್ಲ, ವರ್ಷಗಳ ಮೇಲೆ ತೆಗೆದದ್ದನ್ನು ಓದುವವರಿಗೆ ಹಿಂದಿನ ಕಥೆ ಗೊತ್ತಿರುವುದಿಲ್ಲ.

ಮದ್ದಿನ ಹೆಸರು ಐ-131, ವಿಕಿರಣ ಸೂಸುವ ಅಯೋಡಿನ್. ಅರ್ಧಾಯುಷ್ಯ ಸುಮಾರು 8 ದಿನ, ಅಂದರೆ ಅಷ್ಟರಲ್ಲಿ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಇದು ಹೊರಸೂಸುವ ಬೀಟಾ ಕಣಗಳು ಅಂಗಾಂಶದೊಳಗೆ ಹೆಚ್ಚೆಂದರೆ 2 ಮಿಲಿಮೀಟರ್ ಸಾಗುತ್ತವೆ, ಹಾಗಾಗಿ ಅಯೋಡಿನ್ ಎಲ್ಲಿ ಕೂತಿತೋ ಅಲ್ಲೇ ಸುಡುತ್ತದೆ. 1941ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸಾಲ್ ಹರ್ಟ್ಜ್ ಮತ್ತು ಆರ್ಥರ್ ರಾಬರ್ಟ್ಸ್ ವಿಕಿರಣ ಅಯೋಡಿನನ್ನು ಮೊದಲ ಬಾರಿಗೆ ಥೈರಾಯ್ಡ್ ರೋಗಿಗೆ ಕೊಟ್ಟರು. ನಮ್ಮ ದೇಶದ ಆಸ್ಪತ್ರೆಗಳಿಗೆ ನವಿ ಮುಂಬೈಯ ಬ್ರಿಟ್ ಸಂಸ್ಥೆ (ಕೇಂದ್ರದ ಅಣುಶಕ್ತಿ ಇಲಾಖೆಯದು) ಇದನ್ನು ದ್ರವವಾಗಿಯೂ ಕ್ಯಾಪ್ಸೂಲಾಗಿಯೂ ಒದಗಿಸುತ್ತದೆ. ಬೆಂಗಳೂರು, ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಗಳಿಗೆ ಇದು ದಿನನಿತ್ಯದ ಕೆಲಸ.

ಈ ಚಿಕಿತ್ಸೆಯ ಗುಟ್ಟೆಲ್ಲ ಇರುವುದು ಒಂದು ಸರಳ ಸಂಗತಿಯಲ್ಲಿ. ಗಂಟು ಹಾರ್ಮೋನು ಸುರಿಸುತ್ತಿರುವಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ, ಥೈರಾಯ್ಡನ್ನು ದುಡಿಸುವ ಹಾರ್ಮೋನಾದ ಟಿಎಸ್‌ಎಚ್ ಬಿಡುವುದನ್ನು ನಿಲ್ಲಿಸಿರುತ್ತದೆ. ಟಿಎಸ್‌ಎಚ್ ಇಲ್ಲದೆ ಉಳಿದ ಆರೋಗ್ಯವಂತ ಥೈರಾಯ್ಡ್ ನಿದ್ದೆಹೋಗಿರುತ್ತದೆ, ಅಯೋಡಿನ್ ಎಳೆದುಕೊಳ್ಳುವುದಿಲ್ಲ. ಗಂಟಿಗೆ ಮಾತ್ರ ಆ ಅಪ್ಪಣೆಯ ಹಂಗಿಲ್ಲ. ಇಂಥ ಬಹುಪಾಲು ಗಂಟುಗಳಲ್ಲಿ ಟಿಎಸ್‌ಎಚ್ ಗ್ರಾಹಕದ ಜೀನಿನಲ್ಲೇ ಬದಲಾವಣೆ ಆಗಿ ಸ್ವಿಚ್ಚು ಸದಾ ಒತ್ತಿದಂತೆ ಇರುತ್ತದೆ ಎಂದು 1993ರಿಂದ ತಿಳಿದಿದೆ. ಹಾಗಾಗಿ ಕೊಟ್ಟ ಅಯೋಡಿನ್ ಬಹುಪಾಲು ಗಂಟಿನೊಳಗೇ ಹೋಗಿ ಕೂರುತ್ತದೆ, ಮಲಗಿರುವ ಭಾಗ ಉಳಿದುಕೊಂಡು ಆಮೇಲೆ ಎದ್ದು ಕೆಲಸಕ್ಕೆ ಬರುತ್ತದೆ.

ಎಡವುವುದೂ ಇಲ್ಲಿಯೇ. ಕಾರ್ಬಿಮಜೋಲ್ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಟ್ಟು ಹಾರ್ಮೋನನ್ನು ಪೂರ್ತಿ ಇಳಿಸಿಬಿಟ್ಟರೆ ಟಿಎಸ್‌ಎಚ್ ಮತ್ತೆ ಏರುತ್ತದೆ, ಮಲಗಿದ್ದ ಭಾಗ ಏಳುತ್ತದೆ. ಆ ಹೊತ್ತಿನಲ್ಲಿ ಡೋಸ್ ಕೊಟ್ಟರೆ ಅದೂ ಅಯೋಡಿನ್ ನುಂಗುತ್ತದೆ, ಸುಡುತ್ತದೆ. ನಾಲ್ಕಾರು ವರ್ಷದ ಮೇಲೆ ಥೈರಾಯ್ಡ್ ಕಡಿಮೆಯಾಗಿ ಜೀವನಪೂರ್ತಿ ಥೈರಾಕ್ಸಿನ್ ಮಾತ್ರೆ ಹಿಡಿಯಬೇಕಾಗಿ ಬರುವುದಕ್ಕೆ ಇದೊಂದು ದೊಡ್ಡ ಕಾರಣ. ಆದ್ದರಿಂದ ಡೋಸಿನ ವಾರದಲ್ಲಿ ಟಿಎಸ್‌ಎಚ್ ನೋಡಲೇಬೇಕು. ಒಂಟಿ ಗಂಟಿನ ರೋಗಿಯಲ್ಲಿ ಅದು ತೀರ ಕೆಳಗೇ ಇರಬೇಕು. ಕಾರ್ಬಿಮಜೋಲನ್ನು ಸಾಮಾನ್ಯವಾಗಿ 3ರಿಂದ 7 ದಿನ ಮೊದಲು ನಿಲ್ಲಿಸುತ್ತಾರೆ. ಎದೆಬಡಿತಕ್ಕೆ ಕೊಡುವ ಪ್ರೊಪ್ರನೊಲಾಲ್ ಅನ್ನು ನಿಲ್ಲಿಸಬೇಕಿಲ್ಲ.

ಡೋಸಿಗೆ ಮೊದಲಿನ ಸ್ಕ್ಯಾನ್ ಹೆಚ್ಚಾಗಿ ಟೆಕ್ನೀಷಿಯಮ್-99ಎಂ ಎಂಬ ವಿಕಿರಣ ವಸ್ತು ಬಳಸಿ ಮಾಡುವಂಥದ್ದು. ಕೈಯ ರಕ್ತನಾಳಕ್ಕೆ ಚುಚ್ಚಿ 15–20 ನಿಮಿಷ ಬಿಟ್ಟು ಗಾಮಾ ಕ್ಯಾಮೆರಾದ ಕೆಳಗೆ ಮಲಗಿಸುತ್ತಾರೆ. ಕತ್ತಿನ ಕೆಳಗೆ ಸಣ್ಣ ದಿಂಬು, ತಲೆ ಹಿಂದಕ್ಕೆ. ಚಿತ್ರದಲ್ಲಿ ಗಂಟು ಕಪ್ಪಗೆ ದಟ್ಟವಾಗಿ, ಎದುರು ಬದಿ ಖಾಲಿಯಾಗಿ ಕಂಡರೆ 'ಬಿಸಿ ಗಂಟು, ಉಳಿದ ಭಾಗ ಅಡಗಿದೆ' ಎಂದು ಬರೆಯುತ್ತಾರೆ. ಇಷ್ಟಕ್ಕೇ ನಿಲ್ಲಿಸುವ ಕೇಂದ್ರ ಅರ್ಧ ಕೆಲಸ ಮಾಡಿದಂತೆ. ಎದುರು ಬದಿ ಖಾಲಿ ಕಾಣಲು ಇನ್ನೊಂದು ಕಾರಣ ಇರಬಹುದು, ಹುಟ್ಟಿನಿಂದಲೇ ಆ ಬದಿಯ ಥೈರಾಯ್ಡ್ ಬೆಳೆಯದೆ ಇರುವುದು. ಪರದೆಯ ಹೊಳಪು ಏರಿಸಿ ನೋಡಿದರೆ ಅಡಗಿದ ಭಾಗ ಮಸುಕಾಗಿ ಕಾಣುವುದುಂಟು, ಅಲ್ಟ್ರಾಸೌಂಡಿನಲ್ಲಂತೂ ಇದ್ದರೆ ಸ್ಪಷ್ಟವಾಗಿ ಸಿಗುತ್ತದೆ. ಹಾಗೆಯೇ ಕೈಗೆ ಸಿಗುವ ಗಂಟಿನ ಮೇಲೆ ಗುರುತಿಟ್ಟು ಇನ್ನೊಂದು ಚಿತ್ರ ತೆಗೆಯಬೇಕು. ಸ್ಕ್ಯಾನಿನ ಬಿಸಿ ಜಾಗವೂ ಅಲ್ಟ್ರಾಸೌಂಡಿನ ಗಂಟೂ ಒಂದೇ ಎಂದು ತಾಳೆ ನೋಡದೆ ಡೋಸ್ ಬರೆಯಬಾರದು.

ಇನ್ನೆರಡು ಎಚ್ಚರಿಕೆ. ಟೆಕ್ನೀಷಿಯಮ್ ಗಂಟಿನೊಳಗೆ ಹೊಕ್ಕಿತು ಎಂದರೆ ಅಯೋಡಿನ್ ಅಲ್ಲಿ ಉಳಿಯುತ್ತದೆ ಎಂದು ಅರ್ಥವಲ್ಲ. ಟೆಕ್ನೀಷಿಯಮನ್ನು ಸೆಳೆದುಕೊಂಡು ಅಯೋಡಿನನ್ನು ಹಿಡಿದಿಡಲಾರದ ಗಂಟುಗಳು ಅಪರೂಪಕ್ಕೆ ಇರುತ್ತವೆ. ಆದ್ದರಿಂದ ಅಳತೆಗೆಂದು ಕೊಡುವ ಪುಟ್ಟ ಪ್ರಮಾಣದ ಅಯೋಡಿನ್ 24 ಗಂಟೆಯಲ್ಲಿ ಶೇಕಡಾ ಎಷ್ಟು ಹೀರಿತು ಎಂದು ನೋಡುವ ಅಪ್‌ಟೇಕ್ ಪರೀಕ್ಷೆ ಬೇಕು. ಎರಡನೆಯದು, ಅದೇ ಗ್ರಂಥಿಯಲ್ಲಿ ತಣ್ಣನೆಯ (ಸ್ಕ್ಯಾನಿನಲ್ಲಿ ಖಾಲಿ ಕಾಣುವ) ಇನ್ನೊಂದು ಗಂಟು ಕ್ಯಾನ್ಸರಿನ ಅನುಮಾನದ ಲಕ್ಷಣ ಹೊತ್ತು ಕೂತಿದ್ದರೆ ಅದರ ಸೂಜಿ ಪರೀಕ್ಷೆ (ಸೂಜಿಯಿಂದ ಜೀವಕೋಶ ತೆಗೆದು ನೋಡುವುದು) ಡೋಸಿಗೆ ಮೊದಲೇ ಆಗಬೇಕು. ಏಕೆ ಮೊದಲೇ ಎಂಬುದು ಮುಂದೆ ತಿಳಿಯುತ್ತದೆ.

ಅಲ್ಟ್ರಾಸೌಂಡಿನಲ್ಲಿ ಗಂಟಿನ ಮೂರೂ ಅಳತೆ ಬರೆಸಿಕೊಳ್ಳಿ: ಉದ್ದ, ಅಗಲ, ಆಳ. ಮೂರನ್ನೂ ಗುಣಿಸಿ 0.52ರಿಂದ ಗುಣಿಸಿದರೆ ಗಾತ್ರ ಮಿಲಿಲೀಟರಿನಲ್ಲಿ ಸಿಗುತ್ತದೆ. 3.0 × 2.5 × 2.4 ಸೆಂಟಿಮೀಟರಿನ ಗಂಟು ಸುಮಾರು 9.4 ಮಿಲಿ. ಗಂಟಿನೊಳಗೆ ನೀರಿನ ಭಾಗ ಇದ್ದರೆ ಅದೆಷ್ಟು ಎಂದು ಪ್ರತ್ಯೇಕ ಬರೆಸಬೇಕು. ನೀರು ಅಯೋಡಿನ್ ಹೀರುವುದಿಲ್ಲ, ಡೋಸಿನಿಂದ ಕುಗ್ಗುವುದೂ ಇಲ್ಲ. 'ಬಲಗಡೆ 3 ಸೆಂಮೀ ಗಂಟು' ಎಂದಷ್ಟೇ ಬರೆದ ರಿಪೋರ್ಟು ಐದು ವರ್ಷದ ಮೇಲೆ ಹೋಲಿಸಲು ಯಾವ ಉಪಯೋಗಕ್ಕೂ ಬರುವುದಿಲ್ಲ.

ಡೋಸ್ ನಿಗದಿಗೆ ಎರಡು ಪದ್ಧತಿ. ಒಂದು, ಒಂಟಿ ಗಂಟಿಗೆ 10–20 ಮಿಲಿಕ್ಯೂರಿ (ಮದ್ದಿನ ವಿಕಿರಣದ ಅಳತೆ) ಎಂದು ಕಟ್ಟಿಟ್ಟ ಪ್ರಮಾಣ. ಇನ್ನೊಂದು ಲೆಕ್ಕ ಹಾಕಿ ಕೊಡುವುದು: ಪ್ರತಿ ಗ್ರಾಂ ಗಂಟಿಗೆ 150–200 ಮೈಕ್ರೋಕ್ಯೂರಿ (ಸಾವಿರ ಸೇರಿದರೆ ಒಂದು ಮಿಲಿಕ್ಯೂರಿ), ಅದನ್ನು 24 ಗಂಟೆಯ ಅಪ್‌ಟೇಕಿನಿಂದ ಭಾಗಿಸುವುದು. ಮೇಲಿನ 9.4 ಮಿಲಿ, ಅಂದರೆ ಹೆಚ್ಚುಕಡಿಮೆ 9.4 ಗ್ರಾಂ ಗಂಟು ಶೇ 40 ಹೀರುತ್ತದೆ ಎಂದುಕೊಂಡರೆ, 200ರ ಲೆಕ್ಕದಲ್ಲಿ 4.7 ಮಿಲಿಕ್ಯೂರಿ. ಯುರೋಪಿನ ಕೇಂದ್ರಗಳು ಗಂಟಿಗೆ 300–400 ಗ್ರೇ (ಅಂಗಾಂಶ ಹೀರಿದ ವಿಕಿರಣದ ಅಳತೆ) ವಿಕಿರಣ ತಲುಪಬೇಕು ಎಂಬ ಗುರಿ ಇಟ್ಟುಕೊಳ್ಳುತ್ತವೆ. ದೇಹ ಹೊರಹಾಕುವುದನ್ನೂ ಸೇರಿಸಿಕೊಂಡು ಅಯೋಡಿನ್ ಗಂಟಿನಲ್ಲಿ ಐದೂವರೆ ದಿನದ ಅರ್ಧಾಯುಷ್ಯದಲ್ಲಿ ಉಳಿಯುತ್ತದೆ ಎಂದಿಟ್ಟುಕೊಂಡರೆ 300 ಗ್ರೇಗೆ ಅದೇ ಗಂಟಿಗೆ ಎಂಟೂವರೆ ಮಿಲಿಕ್ಯೂರಿಯ ಆಸುಪಾಸು ಬೇಕಾಗುತ್ತದೆ. ಕಟ್ಟಿಟ್ಟ ಡೋಸಿನ ಅನುಕೂಲ ದೊಡ್ಡದು, ಗುಣವಾಗುವ ಸಾಧ್ಯತೆಯೂ ಚೆನ್ನಾಗಿದೆ. ಆದರೂ ಚಿಕ್ಕ ಗಂಟಿಗೆ ಸುಮ್ಮನೆ 20 ಬರೆಯುವುದನ್ನು ನಾವು ಒಪ್ಪುವುದಿಲ್ಲ. ಹೆಚ್ಚಾದದ್ದನ್ನು ಹೊರುವುದು ಉಳಿದ ದೇಹವೇ ತಾನೆ. 2019ರಲ್ಲಿ ಹೊರಬಂದ, ಅಮೆರಿಕ ಮತ್ತು ಬ್ರಿಟನ್ನಿನ ಹಳೆಯ ರೋಗಿಗಳ ದೀರ್ಘಾವಧಿ ವಿಶ್ಲೇಷಣೆಯೊಂದು ಡೋಸ್ ಏರಿದಂತೆ ಕ್ಯಾನ್ಸರ್ ಸಾವಿನ ಅಪಾಯ ಅಲ್ಪ ಪ್ರಮಾಣದಲ್ಲಿ ಏರುವುದನ್ನು ತೋರಿಸಿ ಚರ್ಚೆ ಎಬ್ಬಿಸಿತು. ಅಷ್ಟಕ್ಕೇ ಚಿಕಿತ್ಸೆ ಬಿಡಬೇಕಿಲ್ಲ, ಅಳೆದು ಕೊಡಬೇಕು.

ಕ್ಯಾಪ್ಸೂಲ್ ದಿನಕ್ಕೆ ಸುಮಾರು ಶೇ 8ರಂತೆ ಸೊರಗುತ್ತದೆ. ಸೋಮವಾರಕ್ಕೆ 15 ಮಿಲಿಕ್ಯೂರಿ ಎಂದು ತರಿಸಿದ್ದು ಬುಧವಾರಕ್ಕೆ 12.6 ಆಗಿರುತ್ತದೆ. ಕೊಡುವ ಗಳಿಗೆಯಲ್ಲಿ ಡೋಸ್ ಕ್ಯಾಲಿಬ್ರೇಟರಿನಲ್ಲಿ ಇಟ್ಟು ಅಳೆದ ಅಂಕಿಯೇ ಡಿಸ್ಚಾರ್ಜ್ ಹಾಳೆಯಲ್ಲಿ ಇರಬೇಕು, ಆರ್ಡರ್ ಮಾಡಿದ ಅಂಕಿ ಅಲ್ಲ.

ಡೋಸನ್ನು ಕೆಡಿಸುವ ಸಂಗತಿಗಳಲ್ಲಿ ಮೊದಲನೆಯದು ಕಾಂಟ್ರಾಸ್ಟ್ ಹಾಕಿ ಮಾಡಿದ ಸಿಟಿ ಸ್ಕ್ಯಾನ್ ಅಥವಾ ಆಂಜಿಯೋಗ್ರಾಂ. ಆ ದ್ರವದಲ್ಲಿ ಅಯೋಡಿನ್ ಹೇರಳ. ಅದಾದ ಮೇಲೆ 6–8 ವಾರ ಗಂಟು ತುಂಬಿಕೊಂಡೇ ಇರುತ್ತದೆ, ಹೊಸದಕ್ಕೆ ಜಾಗವಿಲ್ಲ. ಗಂಟು ಎದೆಗೂಡಿನೊಳಗೆ ಇಳಿದಿದೆಯೇ, ಉಸಿರುನಾಳ ಒತ್ತಿದೆಯೇ ಎಂದು ನೋಡಬೇಕಿದ್ದರೆ ಕಾಂಟ್ರಾಸ್ಟ್ ಇಲ್ಲದ ಸಿಟಿ ಸಾಕು. ಹೃದಯಕ್ಕೆ ಕೊಡುವ ಅಮಿಯೋಡರೋನ್ ಇನ್ನೂ ಕಷ್ಟ, ತಿಂಗಳುಗಟ್ಟಲೆ ದೇಹ ಬಿಡುವುದಿಲ್ಲ. ಡೋಸಿಗೆ ಒಂದೆರಡು ವಾರ ಮೊದಲಿನಿಂದ ಸಮುದ್ರದ ಮೀನು, ಅಯೋಡಿನ್ ಸೇರಿಸಿದ ಉಪ್ಪು ಕಡಿಮೆ ಮಾಡಲು ಹೇಳುವುದೂ ಇದೇ ಕಾರಣಕ್ಕೆ. ಕರಾವಳಿಯವರಿಗೆ ಇದನ್ನು ಒತ್ತಿ ಹೇಳಬೇಕು. ಗರ್ಭಿಣಿಯರಿಗೆ ಈ ಚಿಕಿತ್ಸೆ ಸರ್ವಥಾ ಸಲ್ಲದು. ಹಾಲೂಡಿಸುವ ತಾಯಿ ಹಾಲು ನಿಲ್ಲಿಸಿ ಕನಿಷ್ಠ 6 ವಾರ ಕಳೆದಿರಬೇಕು, ಆ ಮಗುವಿಗೆ ಮತ್ತೆ ಹಾಲೂಡಿಸುವಂತಿಲ್ಲ. ಆಮೇಲೆ 6 ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು.

ಡೋಸಿನ ದಿನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಎರಡು ಗಂಟೆ ಖಾಲಿ ಹೊಟ್ಟೆ, ಒಂದು ಲೋಟ ನೀರು, ಕ್ಯಾಪ್ಸೂಲ್, ಮತ್ತೆರಡು ಗಂಟೆ ಖಾಲಿ ಹೊಟ್ಟೆ. ಗಂಟಿಗೆ ಕೊಡುವ ಪ್ರಮಾಣಕ್ಕೆ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ಮನೆಯಲ್ಲಿ ಬೇರೆ ಮಲಗುವ ಲೆಕ್ಕ ಡೋಸಿನ ಮೇಲೆ ನಿಂತಿದೆ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ನಿನ ಪಟ್ಟಿಯ ಪ್ರಕಾರ 10 ಮಿಲಿಕ್ಯೂರಿಗೆ ದೊಡ್ಡವರಿಂದ 3 ರಾತ್ರಿ, ಮಕ್ಕಳು ಮತ್ತು ಗರ್ಭಿಣಿಯರಿಂದ 15 ರಾತ್ರಿ. 20 ಮಿಲಿಕ್ಯೂರಿಗೆ 8 ಮತ್ತು 20. ಪುಟ್ಟ ಮಕ್ಕಳಿರುವ ಮನೆಯಲ್ಲಿ ಇದನ್ನು ಮೊದಲೇ ಯೋಚಿಸಿ ಅಜ್ಜಿ ಮನೆಗೋ ಚಿಕ್ಕಮ್ಮನ ಮನೆಗೋ ಕಳಿಸುವ ಏರ್ಪಾಡು ಮಾಡಿಕೊಳ್ಳುವುದು ಒಳ್ಳೆಯದು. ವಿಮಾನ ಹತ್ತುವವರು ಆಸ್ಪತ್ರೆಯ ಪತ್ರ ಜೊತೆಗಿಡಿ. ಸೂಕ್ಷ್ಮ ಯಂತ್ರಗಳು ವಾರಗಟ್ಟಲೆ ಆದಮೇಲೂ ಕೂಗಿಕೊಳ್ಳುತ್ತವೆ.

ಮೊದಲ ತಿಂಗಳುಗಳಲ್ಲಿ ಚಿತ್ರಕ್ಕಿಂತ ರಕ್ತಪರೀಕ್ಷೆ ಮುಖ್ಯ. 4–6 ವಾರಕ್ಕೊಮ್ಮೆ ಥೈರಾಯ್ಡ್ ಹಾರ್ಮೋನುಗಳಾದ ಟಿ4, ಟಿ3, ಜೊತೆಗೆ ಟಿಎಸ್‌ಎಚ್ ಮೂರೂ ಬೇಕು. ಟಿಎಸ್‌ಎಚ್ ಒಂದನ್ನೇ ನೋಡಿ 'ಹಾರ್ಮೋನು ಇನ್ನೂ ಜಾಸ್ತಿ ಇದೆ' ಎನ್ನುವುದು ತಪ್ಪು. ಹಾರ್ಮೋನು ಸರಿಹೋದ ಮೇಲೂ ಪಿಟ್ಯುಟರಿ ಏಳಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಒಂಟಿ ಗಂಟಿನವರಲ್ಲಿ ಸುಮಾರು ಮುಕ್ಕಾಲು ಪಾಲು ಜನ 3 ತಿಂಗಳಿಗೆ ಹತೋಟಿಗೆ ಬರುತ್ತಾರೆ. ಹಲವು ಗಂಟುಗಳಿರುವವರಲ್ಲಿ ನಿಧಾನ: 3 ತಿಂಗಳಿಗೆ ಶೇ 50–60, 6 ತಿಂಗಳಿಗೆ ಶೇ 80. ಆರು ತಿಂಗಳಾದರೂ ಹಾರ್ಮೋನು ಏರಿಯೇ ಇದ್ದರೆ ಮತ್ತೆ ಸ್ಕ್ಯಾನ್ ಮಾಡಿ ಎರಡನೇ ಡೋಸ್ ಯೋಚಿಸುತ್ತಾರೆ. ಅದು ಸೋಲಲ್ಲ, ಚಿಕಿತ್ಸೆಯ ಒಂದು ಭಾಗ.

ಇನ್ನು ಗಾತ್ರ. 'ಗಂಟು ಕರಗಿಹೋಗುತ್ತದೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂಟಿ ಬಿಸಿ ಗಂಟಿನ ಗಾತ್ರ ಸರಾಸರಿ 3 ತಿಂಗಳಿಗೆ ಶೇ 35, 2 ವರ್ಷಕ್ಕೆ ಶೇ 45 ಇಳಿಯುತ್ತದೆ. ನಮ್ಮ 9.4 ಮಿಲಿ ಗಂಟನ್ನೇ ತೆಗೆದುಕೊಳ್ಳಿ. ಎರಡು ವರ್ಷದ ಮೇಲೆ ಅದು 2.5 × 2.1 × 1.9 ಸೆಂಮೀ ಆಯಿತು ಎನ್ನೋಣ, ಅಂದರೆ 5.2 ಮಿಲಿ. ಹೆಚ್ಚುಕಡಿಮೆ ಅರ್ಧಕ್ಕೆ ಬಂದಿದೆ. ಆದರೆ ರಿಪೋರ್ಟಿನಲ್ಲಿ ರೋಗಿಯ ಕಣ್ಣಿಗೆ ಬೀಳುವುದು '3.0 ಇದ್ದದ್ದು 2.5' ಎಂಬ ಸಾಲು. ಅಷ್ಟೇನಾ ಎಂದು ಮುಖ ಸಣ್ಣದಾಗುತ್ತದೆ. ಉದ್ದ ಆರರಲ್ಲಿ ಒಂದು ಪಾಲು ಇಳಿದರೂ ಮೂರೂ ದಿಕ್ಕಿನಲ್ಲಿ ಹಾಗೇ ಇಳಿದಾಗ ಗಾತ್ರ ಅರ್ಧಕ್ಕೆ ಹತ್ತಿರ ಬರುತ್ತದೆ ಎಂಬುದನ್ನು ಒಂದು ನಿಮಿಷ ಕೂತು ವಿವರಿಸುವ ವೈದ್ಯರು ಸಿಕ್ಕರೆ ಪುಣ್ಯ. ಅರ್ಧದಷ್ಟು ನೀರೇ ತುಂಬಿದ ಗಂಟು ಇಷ್ಟೂ ಕುಗ್ಗುವುದಿಲ್ಲ. ಹಾಗೆಯೇ ಒಬ್ಬರು ಅಳೆದದ್ದಕ್ಕೂ ಇನ್ನೊಬ್ಬರು ಅಳೆದದ್ದಕ್ಕೂ ಎರಡು ಮಿಲಿಮೀಟರ್ ಹೆಚ್ಚುಕಡಿಮೆ ಸಹಜ. ಗಂಟು ನಿಜವಾಗಿ ಬೆಳೆದಿದೆ ಎನ್ನಲು ಕನಿಷ್ಠ ಎರಡು ಅಳತೆಗಳಲ್ಲಿ ಶೇ 20 ಏರಿಕೆ, ಅದೂ 2 ಮಿಮೀಗೆ ಕಡಿಮೆಯಿಲ್ಲದಂತೆ, ಅಥವಾ ಗಾತ್ರದಲ್ಲಿ ಶೇ 50ಕ್ಕೂ ಮೀರಿದ ಏರಿಕೆ ಇರಬೇಕು.

ವರ್ಷಗಳ ಮೇಲಿನ ಅಲ್ಟ್ರಾಸೌಂಡ್ ಚಿತ್ರವನ್ನು ಸಮಾಧಾನದಿಂದ ನೋಡಬೇಕು, ಏಕೆಂದರೆ ಅತಿ ಹೆಚ್ಚು ಗಾಬರಿ ಹುಟ್ಟುವುದು ಅಲ್ಲೇ. ಡೋಸಿಗೆ ಮೊದಲು ಬಿಸಿ ಗಂಟು ಸಾಮಾನ್ಯವಾಗಿ ದುಂಡಗೆ, ಅಂಚು ನೀಟಾಗಿ, ರಕ್ತದ ಹರಿವು ತೋರಿಸುವ ಡಾಪ್ಲರಿನಲ್ಲಿ ಸುತ್ತಲೂ ಒಳಗೂ ರಕ್ತ ಹರಿಯುತ್ತಾ ಕಾಣುತ್ತದೆ. ಬೀಟಾ ಕಣಗಳು ಜೀವಕೋಶಗಳನ್ನು ಕೊಂದಮೇಲೆ ಆ ಜಾಗದಲ್ಲಿ ಗಾಯ ಮಾಗಿದಂಥ ನಾರು ಬೆಳೆಯುತ್ತದೆ. ಗಂಟು ಕುಗ್ಗುತ್ತದೆ, ಕಪ್ಪಾಗುತ್ತದೆ, ಅಂಚು ಸುಕ್ಕುಗಟ್ಟಿ ಅಸ್ಪಷ್ಟವಾಗುತ್ತದೆ, ಒಳಗೆ ಒರಟಾದ ಸುಣ್ಣದ ಕಲೆಗಳು ಮೂಡಬಹುದು, ರಕ್ತದ ಹರಿವು ಇಳಿಯುತ್ತದೆ. ಗಡಸುತನ ಅಳೆಯುವ ಎಲಾಸ್ಟೋಗ್ರಫಿ ಮಾಡಿದರೆ ಗಟ್ಟಿ ಎನ್ನುತ್ತದೆ. ಇಷ್ಟೂ ಲಕ್ಷಣ ಗಂಟು ಸತ್ತ ಗುರುತು. ಆದರೆ ಇವುಗಳಲ್ಲಿ ಹಲವು ಕ್ಯಾನ್ಸರಿನ ಅನುಮಾನ ಹುಟ್ಟಿಸುವ ಪಟ್ಟಿಯಲ್ಲೂ ಇವೆ.

ಅಂಕ ಹಾಕಿ ನೋಡಿ. ಅಮೆರಿಕದ ರೇಡಿಯಾಲಜಿ ಕಾಲೇಜಿನ 2017ರ ಟೈರ್ಯಾಡ್ಸ್ ಎಂಬ, ಕ್ಯಾನ್ಸರಿನ ಅನುಮಾನಕ್ಕೆ ಅಂಕ ಹಾಕುವ ಪದ್ಧತಿಯಲ್ಲಿ ಘನ ಗಂಟಿಗೆ 2, ಕಪ್ಪಾಗಿ ಕಂಡರೆ 2, ಅಂಚು ಅಂಕುಡೊಂಕಾದರೆ 2, ಒರಟು ಸುಣ್ಣಕ್ಕೆ 1. ಒಟ್ಟು 7. ಏಳಕ್ಕೆ ಐದನೇ ದರ್ಜೆ, ಅಂದರೆ ಅತಿ ಅನುಮಾನದ್ದು; 1 ಸೆಂಮೀ ದಾಟಿದ್ದರೆ ಸೂಜಿ ಹಾಕಿ ಎನ್ನುತ್ತದೆ ನಿಯಮ. ಹೀಗೆ ಚಿಕಿತ್ಸೆ ಗೆದ್ದ ಗಂಟಿಗೇ ಅತಿ ಕೆಟ್ಟ ಅಂಕ ಬೀಳುತ್ತದೆ. ಆ ಪದ್ಧತಿಯನ್ನು ಕಟ್ಟಿದ್ದು ಚಿಕಿತ್ಸೆ ಕಾಣದ ಗಂಟುಗಳಿಗಾಗಿ. ರೇಡಿಯೋ ಅಯೋಡಿನ್ ಆದ ಗಂಟಿಗೆ ಆ ಅಂಕ ಅನ್ವಯಿಸಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಹಿಂದಿನದಕ್ಕಿಂತ ಕುಗ್ಗಿದೆಯೇ, ಬೆಳೆದಿದೆಯೇ? ಕುಗ್ಗಿ ಕಪ್ಪಾಗಿ ರಕ್ತ ಕಳೆದುಕೊಂಡ ಗಂಟನ್ನು ನೋಡುತ್ತಾ ಇದ್ದರೆ ಸಾಕು. ಕುಗ್ಗಿದ್ದು ಮತ್ತೆ ಬೆಳೆಯತೊಡಗಿದರೆ, ಸಣ್ಣ ಚುಕ್ಕೆ ಚುಕ್ಕೆ ಸುಣ್ಣ ಕಂಡರೆ, ಕತ್ತಿನ ಬದಿಯಲ್ಲಿ ಅನುಮಾನದ ಲಿಂಫ್ ಗ್ರಂಥಿ ಇದ್ದರೆ, ಡೋಸಿನ ವೇಳೆ ಇಲ್ಲದ ಹೊಸ ಗಂಟು ಮೂಡಿದರೆ ಮಾತ್ರ ತಡಮಾಡದೆ ಸೂಜಿ ಹಾಕಿಸಬೇಕು. ಬಿಸಿ ಗಂಟಿನಲ್ಲಿ ಕ್ಯಾನ್ಸರ್ ಅಪರೂಪ, ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಸೂಜಿ ಹಾಕಿದಾಗಲೂ ಒಂದು ಬಲೆ ಇದೆ. ವಿಕಿರಣ ತಾಗಿದ ಜೀವಕೋಶಗಳ ಕೋಶಕೇಂದ್ರ ಉಬ್ಬಿ, ಗಾಢವಾಗಿ, ಒಂದೊಂದು ಒಂದೊಂದು ಆಕಾರದಲ್ಲಿ ಕಾಣುತ್ತದೆ, ವರ್ಷಗಳ ಮೇಲೂ. ಹಿಂದಿನ ಚಿಕಿತ್ಸೆ ಗೊತ್ತಿಲ್ಲದ ಪೆಥಾಲಜಿಸ್ಟರಿಗೆ ಅದು ಅನುಮಾನದ್ದೇ. ರಿಪೋರ್ಟು 'ಅಸಹಜ' ಎಂದು ಬಂದು, ಬೇಡದ ಆಪರೇಷನ್ನಿನವರೆಗೆ ಹೋಗಬಹುದು. ತಣ್ಣನೆಯ ಗಂಟಿಗೆ ಡೋಸಿನ ಮೊದಲೇ ಸೂಜಿ ಹಾಕಿಸಬೇಕು ಎಂದದ್ದು ಇದಕ್ಕೇ.

ಗಾಮಾ ಕ್ಯಾಮೆರಾದ ಐಸೋಟೋಪ್ ಸ್ಕ್ಯಾನನ್ನು ಪ್ರತಿ ವರ್ಷ ಮಾಡಿಸುವುದು ದಂಡ. ಹಾರ್ಮೋನು ಮತ್ತೆ ಏರಿದಾಗ, ಇಲ್ಲವೇ ಗಂಟು ಬೆಳೆದಾಗ ಮಾಡಿಸಿ. ಆಗ ಬಗೆಬಗೆಯ ಚಿತ್ರ ಕಾಣಬಹುದು. ಎದುರು ಬದಿ ಎದ್ದು ಬೆಳಗುತ್ತಿದೆ, ಗಂಟಿನ ಜಾಗ ಖಾಲಿ: ಪೂರ್ತಿ ಗೆಲುವು, ಅದನ್ನು 'ಹೊಸ ತಣ್ಣನೆಯ ಗಂಟು' ಎಂದು ಓದಿ ಹೆದರಿಸಬಾರದು. ಎರಡೂ ಬದಿ ಸಮವಾಗಿ ಕಾಣುತ್ತಿದೆ, ಗಂಟಿನಲ್ಲಿ ಸ್ವಲ್ಪ ಜೀವ ಉಳಿದಿದೆ: ಟಿಎಸ್‌ಎಚ್ ಸರಿಯಿದ್ದರೆ ಏನೂ ಮಾಡಬೇಕಿಲ್ಲ. ಗಂಟು ಇನ್ನೂ ಬಿಸಿ, ಎದುರು ಬದಿ ಇನ್ನೂ ನಿದ್ದೆಯಲ್ಲಿ: ಎರಡನೇ ಡೋಸ್. ಇವುಗಳಾಚೆಗೆ ಅಪರೂಪದ್ದೊಂದಿದೆ. ಗಂಟು ತಣ್ಣಗಾಗಿ, ಉಳಿದ ಗ್ರಂಥಿಯೆಲ್ಲ ಒಂದೇ ಸಮನೆ ಉರಿಯುತ್ತಿರುವುದು. ವಿಕಿರಣದಿಂದ ಒಡೆದ ಕೋಶಗಳ ಪ್ರೋಟೀನು ರಕ್ತಕ್ಕೆ ಸೇರಿ ಕೆಲವರಲ್ಲಿ ಗ್ರೇವ್ಸ್ ಕಾಯಿಲೆ (ದೇಹದ ಪ್ರತಿಕಾಯಗಳೇ ಇಡೀ ಥೈರಾಯ್ಡನ್ನು ಕೆರಳಿಸುವ ರೋಗ) ಎಬ್ಬಿಸುತ್ತದೆ. ಡೋಸಾಗಿ ಕೆಲವು ತಿಂಗಳು ಚೆನ್ನಾಗಿದ್ದು ಆಮೇಲೆ ಹಾರ್ಮೋನು ಜಿಗಿದರೆ ಟಿಎಸ್‌ಎಚ್ ಗ್ರಾಹಕದ ಪ್ರತಿಕಾಯ ಪರೀಕ್ಷೆ ಮಾಡಿಸಿ. ಸ್ಕ್ಯಾನ್ ನೋಡದೆ 'ಡೋಸ್ ಸಾಲಲಿಲ್ಲ' ಎಂದುಕೊಂಡರೆ ಇದು ತಪ್ಪಿಹೋಗುತ್ತದೆ.

ಥೈರಾಯ್ಡ್ ಕಡಿಮೆಯಾಗುವುದು ಈ ಚಿಕಿತ್ಸೆಯ ಮುಖ್ಯ ಬೆಲೆ, ಅದನ್ನು ಮುಚ್ಚಿಡದೆ ಹೇಳಬೇಕು. ಒಂಟಿ ಗಂಟಿನ 346 ರೋಗಿಗಳನ್ನು ಹಿಂಬಾಲಿಸಿದ ಇಟಲಿಯ ಅಧ್ಯಯನವೊಂದರಲ್ಲಿ 1 ವರ್ಷಕ್ಕೆ ಶೇ 7.6, 5 ವರ್ಷಕ್ಕೆ ಶೇ 28, 10 ವರ್ಷಕ್ಕೆ ಶೇ 46, 20 ವರ್ಷಕ್ಕೆ ಶೇ 60 ಜನರಿಗೆ ಹೀಗಾಗಿತ್ತು. 45 ದಾಟಿದವರು, ಮೊದಲು ಮಾತ್ರೆ ತೆಗೆದುಕೊಂಡವರು, ಉಳಿದ ಭಾಗ ಪೂರ್ತಿ ಅಡಗಿರದವರು ಹೆಚ್ಚು. ಒಂದು ವರ್ಷ ಸರಿಯಿತ್ತು ಎಂದು ಪರೀಕ್ಷೆ ಬಿಟ್ಟವರು, ಹತ್ತನೇ ವರ್ಷದಲ್ಲಿ ಸುಸ್ತು, ಮೈಭಾರ ಎಂದು ಬೇರೆಲ್ಲ ಹುಡುಕುತ್ತಾರೆ. ವರ್ಷಕ್ಕೊಂದು ಟಿಎಸ್‌ಎಚ್, ಬದುಕಿರುವವರೆಗೆ.

ಹಾಗಾದರೆ ಯಾರಿಗೆ ಸರಿ? ವಯಸ್ಸಾದವರು, ಹೃದಯದ ತೊಂದರೆ ಇರುವವರು, ಕತ್ತಿಗೆ ಈಗಾಗಲೇ ಆಪರೇಷನ್ ಆದವರು, ಉಳಿದ ಭಾಗ ಪೂರ್ತಿ ಅಡಗಿರುವ ಮಧ್ಯಮ ಗಾತ್ರದ ಗಂಟಿನವರು ಕಣ್ಣುಮುಚ್ಚಿ ಒಪ್ಪಬಹುದು. ಉಸಿರುನಾಳ ಒತ್ತುವ ದೊಡ್ಡ ಗಂಟಿಗೆ, ಜೊತೆಗೆ ಕ್ಯಾನ್ಸರಿನ ಅನುಮಾನ ಇದ್ದವರಿಗೆ ಆಪರೇಷನ್ನೇ ಮೇಲು. ಅರ್ಧ ಥೈರಾಯ್ಡ್ ತೆಗೆದರೆ ರೋಗದ ಮೂಲ ಆ ದಿನವೇ ಹೋಗುತ್ತದೆ. ಚಿಕ್ಕ ಗಂಟಿಗೆ ಈಚೆಗೆ ಸೂಜಿಯಿಂದ ಸುಡುವ ಆರ್‌ಎಫ್‌ಎ ಬಂದಿದೆ, ನುರಿತ ಕೈ ಸಿಕ್ಕರೆ ಯೋಚಿಸಬಹುದು. ಮಾತ್ರೆ ಮಾತ್ರ ನಂಬಿ ಕೂರಬೇಡಿ. ಗ್ರೇವ್ಸ್ ಕೆಲವೊಮ್ಮೆ ತಾನೇ ಶಮನವಾಗುತ್ತದೆ, ಬಿಸಿ ಗಂಟು ಮಾತ್ರೆ ಬಿಟ್ಟೊಡನೆ ಮರುಕಳಿಸುತ್ತದೆ.

ಕೇಂದ್ರ ಆರಿಸುವಾಗ ದರಪಟ್ಟಿಯಲ್ಲಿ ಅಪ್‌ಟೇಕ್ ಪರೀಕ್ಷೆ, ಸ್ಕ್ಯಾನ್, ಅಲ್ಟ್ರಾಸೌಂಡ್ ಸೇರಿವೆಯೇ ಎಂದು ಕೇಳಿ, ಕ್ಯಾಪ್ಸೂಲಿನ ಬೆಲೆಯೊಂದನ್ನೇ ಹೋಲಿಸಬೇಡಿ. ಸ್ಕ್ಯಾನಿನ ಫಿಲ್ಮು, ಅಲ್ಟ್ರಾಸೌಂಡಿನ ಚಿತ್ರಗಳು, ಅಳೆದ ಡೋಸಿನ ಹಾಳೆ ಮೂರನ್ನೂ ಕೈಗೆ ಪಡೆದು ಫೋನಿನಲ್ಲೂ ಫೋಟೋ ತೆಗೆದಿಡಿ. ಎಷ್ಟು ವರ್ಷವಾದರೂ ಸರಿ, ಕತ್ತಿನ ಅಲ್ಟ್ರಾಸೌಂಡಿಗೋ ಸೂಜಿ ಪರೀಕ್ಷೆಗೋ ಚೀಟಿ ಬರೆಸುವಾಗ ಈ ಸಾಲು ಅದರ ಮೇಲೆ ಇರಲಿ: 'ಬಲಬದಿಯ ಬಿಸಿ ಗಂಟಿಗೆ ಐ-131 ಕೊಡಲಾಗಿದೆ, ಡೋಸ್ ಇಷ್ಟು ಮಿಲಿಕ್ಯೂರಿ, ದಿನಾಂಕ ಇಂಥದ್ದು, ಡೋಸಿಗೆ ಮೊದಲು 3.0 × 2.5 × 2.4 ಸೆಂಮೀ, ಕೊನೆಯ ಅಳತೆ 2.5 × 2.1 × 1.9 ಸೆಂಮೀ. ದಯವಿಟ್ಟು ಹೋಲಿಸಿ ಬರೆಯಿರಿ.'